ಮಳೆ ನಿಲ್ಲುವ ತನಕ ಕಾಯಬೇಡಿ: ಮಲೆನಾಡಿನ ಮಕ್ಕಳು, ಹದಿಹರೆಯದವರು ಮತ್ತು ಯುವಜನರ ಮನಸ್ಸಿನ ಆರೈಕೆಗೊಂದು ಸಮಗ್ರ ಮಾರ್ಗದರ್ಶಿ

ಮಗುವಿನ ಮನಸ್ಸಿಗೆ ಏನೋ ಆಗಿದೆ ಎಂಬುದು ಮನೆಯವರಿಗೆ ಗೊತ್ತಾಗದೆ ಉಳಿಯುವುದು ಅಪರೂಪ. ತಾಯಿಗೆ ಗೊತ್ತಾಗಿರುತ್ತದೆ, ಅಜ್ಜಿಗೆ ಅದಕ್ಕೂ ಮೊದಲೇ ಗೊತ್ತಾಗಿರುತ್ತದೆ. ಆದರೆ ಪರೀಕ್ಷೆ ಮುಗಿಯಲಿ ಎನ್ನುವಷ್ಟರಲ್ಲಿ ಏಪ್ರಿಲ್ ಬರುತ್ತದೆ, ಮಳೆ ಸ್ವಲ್ಪ ಹೊಳವಾಗಲಿ ಎನ್ನುವಷ್ಟರಲ್ಲಿ ಆಗಸ್ಟ್ ಕಳೆಯುತ್ತದೆ, ಕೊನೆಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋಗಲಿ ಎಂದುಕೊಂಡರೆ ಮತ್ತೊಂದು ಪರೀಕ್ಷೆ ಎದುರಿಗೆ ಬಂದಿರುತ್ತದೆ. ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಶಿಕ್ಷಕಿಯಾಗಿದ್ದ ವರ್ಷಗಳಲ್ಲಿ ನಾನು ಹತ್ತಿರದಿಂದ ಕಂಡ ಮಕ್ಕಳ ಪೈಕಿ ಹೆಚ್ಚಿನವರ ವಿಷಯದಲ್ಲಿ, ತೊಂದರೆಯ ಮೊದಲ ಗುರುತು ಕಾಣಿಸಿದ ದಿನಕ್ಕೂ ವೈದ್ಯರ ಮುಂದೆ ಕುಳಿತ ದಿನಕ್ಕೂ ನಡುವೆ ಹೀಗೆಯೇ ಒಂದು ವರ್ಷ ಸರಿದುಹೋಗಿರುತ್ತಿತ್ತು. ಆ ಅಂತರವನ್ನು ಕಡಿಮೆ ಮಾಡುವುದೊಂದೇ ಈ ಬರಹದ ಉದ್ದೇಶ. ರೋಗ ಯಾವುದೆಂದು ನಿರ್ಧರಿಸುವುದು ವೈದ್ಯರ ಕೆಲಸ. ಅಲ್ಲಿಯವರೆಗೆ ಮತ್ತು ಅಲ್ಲಿಂದ ಮುಂದೆ ಮನೆಯವರು ಮಾಡಬೇಕಾದ ಕೆಲಸವನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಆತುರಕ್ಕೆ ಕಾರಣವಿದೆ. ಜೀವಮಾನದಲ್ಲಿ ಕಾಣಿಸಿಕೊಳ್ಳುವ ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು 14 ವರ್ಷದೊಳಗೆ, ಮುಕ್ಕಾಲು ಪಾಲು 24 ವರ್ಷದೊಳಗೆ ಶುರುವಾಗುತ್ತವೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಇಂತಹ ತೊಂದರೆ ಇದೆಯೆಂದು ಕಂಡುಕೊಂಡಿತು. ನಲವತ್ತು ಮಕ್ಕಳ ತರಗತಿಯೊಂದನ್ನು ಕಣ್ಣ ಮುಂದೆ ತಂದುಕೊಂಡರೆ ಹೆಚ್ಚುಕಡಿಮೆ ಮೂವರು.

ಮೊದಲ ಹೆಜ್ಜೆ: ಎರಡು ವಾರದ ಗಡುವು, ಒಂದು ನೋಟ್‌ಬುಕ್ಕು

ಕಾದು ನೋಡುವುದು ತಪ್ಪಲ್ಲ, ಗಡುವಿಲ್ಲದೆ ಕಾಯುವುದು ತಪ್ಪು. ಬೇಸರ, ಸಿಟ್ಟು, ಭಯ ಎಲ್ಲ ಮಕ್ಕಳಿಗೂ ಬರುತ್ತವೆ, ಹೋಗುತ್ತವೆ. ಆದರೆ ಬದಲಾವಣೆಯೊಂದು ಹೆಚ್ಚಿನ ದಿನಗಳಲ್ಲಿ ಎರಡು ವಾರ ಬಿಡದೆ ಉಳಿದು, ಊಟ, ನಿದ್ದೆ, ಶಾಲೆ, ಗೆಳೆತನ ಇವುಗಳಲ್ಲಿ ಒಂದನ್ನಾದರೂ ಕೆಡಿಸುತ್ತಿದ್ದರೆ ಅದನ್ನು ವೈದ್ಯರಿಗೆ ತೋರಿಸಬೇಕು. ವೈದ್ಯರು ಖಿನ್ನತೆಯನ್ನು ಗುರುತಿಸುವಾಗಲೂ ಈ ಎರಡು ವಾರದ ಅಳತೆಯನ್ನೇ ಬಳಸುತ್ತಾರೆ. ಆದ್ದರಿಂದ ಅನುಮಾನ ಬಂದ ದಿನವೇ ಒಂದು ನೂರು ಪುಟದ ನೋಟ್‌ಬುಕ್ಕು ತೆಗೆದಿಡಿ, ಕ್ಯಾಲೆಂಡರಿನಲ್ಲಿ ಹದಿನಾಲ್ಕನೆಯ ದಿನಕ್ಕೆ ಗುರುತು ಹಾಕಿ.

ನೋಟ್‌ಬುಕ್ಕಿನಲ್ಲಿ ನಿಮ್ಮ ತೀರ್ಪನ್ನು ಬರೆಯಬೇಡಿ, ಕಂಡದ್ದನ್ನು ಬರೆಯಿರಿ. "ಸೋಮಾರಿಯಾಗಿದ್ದಾನೆ" ಎಂಬ ಸಾಲಿನಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. "ಹನ್ನೊಂದಕ್ಕೆ ಮಲಗಿದ, ಮೂರಕ್ಕೆ ಎದ್ದು ಜಗಲಿಯಲ್ಲಿ ಕುಳಿತಿದ್ದ, ಬೆಳಿಗ್ಗೆ ಒಂದೇ ರೊಟ್ಟಿ ತಿಂದ, ಶಾಲೆಗೆ ಹೋಗಲಿಲ್ಲ" ಎಂಬ ಸಾಲಿನಿಂದ ಬಹಳಷ್ಟು ತಿಳಿಯುತ್ತದೆ. ಒಂದು ವರ್ಷ ನನ್ನ ತರಗತಿಯಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದ ಹುಡುಗನೊಬ್ಬನನ್ನು ನಾನು ತಿಂಗಳುಗಟ್ಟಲೆ ಗದರಿದ್ದೆ. ಅವನು ರಾತ್ರಿಯಿಡೀ ನಿದ್ದೆಯಿಲ್ಲದೆ ಹೊರಳುತ್ತಿದ್ದ ಎಂಬುದು ಮುಂದಿನ ವರ್ಷ ತಿಳಿಯಿತು. ನಾನು ಗದರಿದ್ದಷ್ಟು ಸಲ ಕೇಳಿದ್ದರೆ ಸಾಕಿತ್ತು ಎಂಬ ನೋವು ಈಗಲೂ ಇದೆ.

ವಯಸ್ಸಿಗೆ ತಕ್ಕಂತೆ ಗುರುತುಗಳು ಬೇರೆಯಾಗುತ್ತವೆ. ಪ್ರಾಥಮಿಕ ಶಾಲೆಯ ಮಕ್ಕಳು ತಮ್ಮ ಕಷ್ಟವನ್ನು ಮಾತಿಗಿಂತ ಹೆಚ್ಚಾಗಿ ಮೈಯಿಂದ ಹೇಳುತ್ತಾರೆ: ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುತ್ತದೆ, ಅಮ್ಮನ ಸೆರಗು ಬಿಡುವುದಿಲ್ಲ, ಬೆಳಿಗ್ಗೆ ಹೊಟ್ಟೆನೋವು ಬರುತ್ತದೆ. ಭಾನುವಾರ ಮತ್ತು ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದ ದಿನ ಆ ಹೊಟ್ಟೆನೋವು ಇಲ್ಲದಿದ್ದರೆ ಮಗು ನಾಟಕವಾಡುತ್ತಿದೆ ಎಂದು ತಿಳಿಯಬೇಡಿ. ನೋವು ನಿಜವಾದದ್ದೇ, ಅದಕ್ಕೆ ಕಾರಣ ಶಾಲೆಯ ದಾರಿಯಲ್ಲೋ ತರಗತಿಯಲ್ಲೋ ಇದೆ ಎಂದಷ್ಟೇ ಅದರ ಅರ್ಥ. ಹದಿಹರೆಯದವರಲ್ಲಿ ಖಿನ್ನತೆ ಅಳುವಿನ ರೂಪದಲ್ಲಿ ಬರದೆ ಸಿಡುಕಿನ ರೂಪದಲ್ಲಿ ಬರಬಹುದು, ಆದ್ದರಿಂದಲೇ ಅದನ್ನು ಮನೆಯವರು ಸೊಕ್ಕು ಎಂದು ತಪ್ಪಾಗಿ ತಿಳಿಯುತ್ತಾರೆ. ಇಷ್ಟವಾಗಿದ್ದ ವಾಲಿಬಾಲು, ಭಜನೆ, ಗೆಳೆಯರ ಮನೆ ಎಲ್ಲವನ್ನೂ ಒಂದೊಂದಾಗಿ ಬಿಡುವುದು, ಸೆಕೆಯಲ್ಲೂ ತುಂಬುತೋಳಿನ ಅಂಗಿ ಬಿಚ್ಚದಿರುವುದು, ಅಂಕಗಳು ದಿಢೀರನೆ ಕುಸಿಯುವುದು ಗಮನಿಸಬೇಕಾದ ಸಂಗತಿಗಳು. ಆದರೆ ರಾತ್ರಿ ತಡವಾಗಿ ನಿದ್ದೆ ಬರುವುದು ಒಂದೇ ಕಾಣಿಸಿದರೆ ಗಾಬರಿ ಬೇಡ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ತಡವಾಗುತ್ತದೆ, ಅವರಿಗೆ ಬೇಕಾದ ನಿದ್ದೆ ಮಾತ್ರ ಎಂಟರಿಂದ ಹತ್ತು ಗಂಟೆ.

ಹದಿನೆಂಟರಿಂದ ಇಪ್ಪತ್ತೈದರ ನಡುವಿನವರು ನಮ್ಮ ಕಣ್ಣೆದುರು ಇರುವುದೇ ಕಡಿಮೆ. ಅವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲೋ ಬೆಂಗಳೂರಿನ ಪಿಜಿಯಲ್ಲೋ ಇರುತ್ತಾರೆ, ಇಲ್ಲವೇ ಊರಿನಲ್ಲೇ ತೋಟ ನೋಡಿಕೊಂಡು, ಎಲೆಚುಕ್ಕೆ ರೋಗಕ್ಕೆ ಫಸಲು ಹೋಗುವುದನ್ನೂ ಮದುವೆಗೆ ಹೆಣ್ಣು ಸಿಗದಿರುವುದನ್ನೂ ಯಾರಿಗೂ ಹೇಳದೆ ನುಂಗಿಕೊಂಡಿರುತ್ತಾರೆ. ದೂರದಲ್ಲಿರುವವರ ವಿಷಯದಲ್ಲಿ ನಿಮಗೆ ಸಿಗುವ ಗುರುತು ಫೋನು ಮಾತ್ರ: ಕರೆ ಚಿಕ್ಕದಾಗುವುದು, ನಡುರಾತ್ರಿ ಸಂದೇಶ ಬರುವುದು, ಹಣ ಕೇಳುವ ರೀತಿ ಬದಲಾಗುವುದು. ಚಿತ್ತವಿಕಲತೆ (ಸ್ಕಿಜೋಫ್ರೀನಿಯಾ) ಯಂತಹ ತೀವ್ರ ಕಾಯಿಲೆಗಳು ಸಾಮಾನ್ಯವಾಗಿ ಮೊದಲು ತಲೆಯೆತ್ತುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ. ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಶಂಕೆ, ಇಲ್ಲದ ದನಿ ಕೇಳಿಸುವುದು, ಸ್ನಾನ ಬಿಡುವುದು, ಒಬ್ಬನೇ ನಗುವುದು ಅಥವಾ ಮಾತಾಡಿಕೊಳ್ಳುವುದು ಕಂಡರೆ ಎರಡು ವಾರದ ಲೆಕ್ಕ ಬೇಡ, ಆ ವಾರವೇ ಹೊರಡಿ. ಇಲ್ಲಿ ಚಿಕಿತ್ಸೆ ಎಷ್ಟು ಬೇಗ ಶುರುವಾಗುತ್ತದೆಯೋ ಚೇತರಿಕೆ ಅಷ್ಟು ಚೆನ್ನಾಗಿರುತ್ತದೆ. ಗಾಂಜಾ ಸೇವನೆ ಈ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದನ್ನು ಮಕ್ಕಳಿಗೆ ಹೆದರಿಸುವ ದನಿಯಲ್ಲಿ ಹೇಳದೆ ತಿಳಿಸಿ ಹೇಳಬೇಕು.

ಎರಡನೆಯ ಹೆಜ್ಜೆ: ಮೈಯ ತಪಾಸಣೆ

ಇದು ಒಂದೇ ದಿನದಲ್ಲಿ ಮುಗಿಯುವ ಕೆಲಸ. ರಕ್ತಹೀನತೆಯಿಂದ ಸುಸ್ತು, ಥೈರಾಯ್ಡ್ ಏರುಪೇರಿನಿಂದ ಮಂಕು ಅಥವಾ ಚಡಪಡಿಕೆ ಉಂಟಾಗಬಹುದು. ಕಣ್ಣು ಸರಿ ಕಾಣದ, ಕಿವಿ ಸರಿ ಕೇಳದ ಮಗುವನ್ನು ಶಾಲೆ ದಡ್ಡ ಎನ್ನಬಹುದು. ಪಾಠದ ನಡುವೆ ಕೆಲವು ಕ್ಷಣ ಶೂನ್ಯವನ್ನು ದಿಟ್ಟಿಸಿ ನಿಲ್ಲುವುದು ಒಂದು ಬಗೆಯ ಮೂರ್ಛೆರೋಗವೂ ಆಗಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಮಾತನ್ನು ಕೇಳಿ, ರಕ್ತ ಪರೀಕ್ಷೆ ಮಾಡಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಹುಟ್ಟಿದ ಮಗುವಿನಿಂದ ಹದಿನೆಂಟರವರೆಗಿನವರನ್ನು ತಪಾಸಣೆ ಮಾಡುತ್ತವೆ; ಅಂಗನವಾಡಿಗೂ ಶಾಲೆಗೂ ಅವರು ಬಂದಾಗ ನಿಮ್ಮ ಮಗುವಿನ ಮಾತು, ಬೆಳವಣಿಗೆ, ಕಲಿಕೆಯ ಬಗ್ಗೆ ಇರುವ ಅನುಮಾನವನ್ನು ಶಿಕ್ಷಕರ ಮೂಲಕ ಅವರಿಗೆ ಮುಟ್ಟಿಸಿ.

ಮೂರನೆಯ ಹೆಜ್ಜೆ: ಮಾತು

ಎದುರೆದುರು ಕೂರಿಸಿಕೊಂಡು "ಏನಾಗಿದೆ ನಿನಗೆ, ಹೇಳು" ಎಂದರೆ ಹದಿನೈದರ ಹುಡುಗ ಬಾಯಿ ಬಿಡುವುದಿಲ್ಲ. ಇಬ್ಬರ ಕಣ್ಣೂ ಬೇರೆ ಯಾವುದರ ಮೇಲೋ ಇದ್ದಾಗ ಮಾತು ಸಲೀಸಾಗುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಜಾಗ ಹುಡುಕಬೇಕಾಗಿಲ್ಲ: ಮಳೆಗಾಲದ ಸಂಜೆ ಬಚ್ಚಲ ಒಲೆಯ ಮುಂದೆ ಚಳಿ ಕಾಯಿಸಿಕೊಳ್ಳುವ ಹೊತ್ತು, ಅಡಿಕೆ ಸುಲಿಯುವ ಹೊತ್ತು, ತೋಟಕ್ಕೆ ಇಳಿಯುವ ದಾರಿ, ಪೇಟೆಗೆ ಬೈಕಿನಲ್ಲಿ ಹೋಗುವ ಅರ್ಧ ಗಂಟೆ. ಆದರೆ ಅಜ್ಜಿ, ಚಿಕ್ಕಪ್ಪ, ಆಳುಗಳು ಇರುವ ಹೊತ್ತನ್ನು ಆರಿಸಬೇಡಿ.

ಮಾತನ್ನು ನೀವು ಕಂಡದ್ದರಿಂದ ಶುರುಮಾಡಿ. "ಅಪ್ಪಿ, ಒಂದು ವಾರದಿಂದ ನೀನು ಊಟ ಅರ್ಧಕ್ಕೆ ಬಿಟ್ಟು ಏಳ್ತಾ ಇದ್ದೀಯ. ಬೈಯೋಕಲ್ಲ, ನಂಗೆ ನೋಡಿ ಸಂಕಟ ಆಯ್ತು, ಅದಕ್ಕೆ ಕೇಳ್ತಾ ಇದ್ದೀನಿ" ಎಂದು ಹೇಳಿ ಸುಮ್ಮನಾಗಿ. ಆ ಸುಮ್ಮನಿರುವಿಕೆಯೇ ಕಷ್ಟದ ಭಾಗ. ಮಗು "ಏನಿಲ್ಲ" ಎನ್ನಬಹುದು. "ಸರಿ, ಯಾವಾಗ ಹೇಳಬೇಕು ಅನ್ನಿಸಿದರೂ ಹೇಳು" ಎಂದು ಅಂದಿಗೆ ಬಿಟ್ಟು, ಎರಡು ದಿನ ಬಿಟ್ಟು ಮತ್ತೆ ಕೇಳಿ. ಕೇಳುವವರು ಮರೆತಿಲ್ಲ ಎಂಬುದು ಮಗುವಿಗೆ ಗೊತ್ತಾಗುವುದು ಎರಡನೆಯ ಸಲ ಕೇಳಿದಾಗಲೇ.

ಮಗು ಬಾಯಿ ಬಿಟ್ಟ ಮೊದಲ ಹತ್ತು ನಿಮಿಷ ನೀವು ಪರಿಹಾರ ಹೇಳಬಾರದು. "ನಮ್ಮ ಕಾಲದಲ್ಲಿ ಹೊಳೆ ದಾಟಿ ಆರು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದೆವು" ಎಂಬ ಮಾತು ನಿಜವೇ ಇರಬಹುದು, ಆದರೆ ಅದನ್ನು ಕೇಳಿದ ಮಗು ತನ್ನ ಕಷ್ಟ ಇಲ್ಲಿ ಲೆಕ್ಕಕ್ಕಿಲ್ಲ ಎಂದು ತೀರ್ಮಾನಿಸಿ ಮತ್ತೆ ಬಾಯಿ ತೆರೆಯುವುದಿಲ್ಲ. ಪಕ್ಕದ ಮನೆಯ ಹುಡುಗಿಯ ಅಂಕ, ಸತ್ಯ ಹೇಳೆಂದು ದೇವರ ಆಣೆ, "ಅಪ್ಪಯ್ಯನಿಗೆ ಗೊತ್ತಾದರೆ ಏನಾದೀತು" ಎಂಬ ಬೆದರಿಕೆ ಕೂಡ ಹಾಗೆಯೇ. ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಮರಳಿ ಹೇಳಿ: "ಅಂದರೆ ಬಸ್ಸಿನಲ್ಲಿ ಅವರು ದಿನಾ ಹಾಗೆ ಕರೀತಾರೆ, ಅದಕ್ಕೆ ಬೆಳಿಗ್ಗೆ ಎದ್ದ ಕೂಡಲೇ ಹೆದರಿಕೆ ಆಗತ್ತೆ, ಅಲ್ವಾ?" ಸಣ್ಣ ಮಕ್ಕಳಾದರೆ ಮಾತಿಗಿಂತ ಚಿತ್ರ ಬರೆಸುವುದು, ಗೊಂಬೆಯನ್ನು ಶಾಲೆಗೆ ಕಳಿಸುವ ಆಟ ಆಡಿಸುವುದು ಹೆಚ್ಚು ಫಲ ಕೊಡುತ್ತದೆ; ಗೊಂಬೆಗೆ ಶಾಲೆಯಲ್ಲಿ ಏನಾಯಿತು ಎಂದು ಮಗು ಹೇಳುವುದರಲ್ಲಿ ಅದರದೇ ಕಥೆ ಇರುತ್ತದೆ.

ಯಾರಿಗೂ ಹೇಳಬಾರದು ಎಂದು ಮಗು ನಿಮ್ಮಿಂದ ಮಾತು ತೆಗೆದುಕೊಳ್ಳಲು ನೋಡಿದರೆ ಪೂರ್ತಿ ಮಾತು ಕೊಡಬೇಡಿ. "ನಿನ್ನ ಜೀವಕ್ಕೆ ತೊಂದರೆ ಇದೆ ಅನ್ನಿಸಿದರೆ ಮಾತ್ರ ಇನ್ನೊಬ್ಬರ ಸಹಾಯ ತಗೊಳ್ತೀನಿ, ಅದನ್ನೂ ನಿನಗೆ ಹೇಳಿಯೇ ತಗೊಳ್ತೀನಿ" ಎನ್ನಿ. ಹೇಳಿದಂತೆಯೇ ನಡೆಯಿರಿ.

ನಾಲ್ಕನೆಯ ಹೆಜ್ಜೆ: ಜೀವದ ಪ್ರಶ್ನೆ

ಬದುಕಿನಲ್ಲಿ ಅರ್ಥವಿಲ್ಲ ಎಂಬ ಮಾತು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ಮೈಮೇಲೆ ತಾನೇ ಮಾಡಿಕೊಂಡ ಗಾಯ ಕಂಡುಬಂದರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಯೋಚನೆ ಬರ್ತಾ ಇದೆಯಾ?" ಕೇಳುವುದರಿಂದ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ. ಹಾಗೆ ಆಗುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಹೊತ್ತುಕೊಂಡಿದ್ದ ಭಾರವನ್ನು ಇಳಿಸಲು ಯಾರೋ ಕೈ ಚಾಚಿದರು ಎಂಬ ಸಮಾಧಾನವೇ ಹೆಚ್ಚಿನವರಿಗೆ ಸಿಗುತ್ತದೆ.

ಹೌದು ಎಂಬ ಉತ್ತರ ಬಂದರೆ ಅತ್ತು ಗೋಳಾಡಬೇಡಿ, ಬೈಯಬೇಡಿ. ಆ ಹೊತ್ತಿನಿಂದ ಮಗುವನ್ನು ಒಂಟಿಯಾಗಿ ಬಿಡಬೇಡಿ, ರಾತ್ರಿ ಅದೇ ಕೋಣೆಯಲ್ಲಿ ಮಲಗಿ. 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡುತ್ತಾರೆ. ಮಗುವೇ ಕರೆ ಮಾಡಬಹುದು, ಏನು ಮಾಡಬೇಕೆಂದು ತೋಚದ ತಂದೆತಾಯಿಯೂ ಮಾಡಬಹುದು. ಮನೆಯ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರಲಿ. ಒಂಟಿಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಅಪಾಯ ತಕ್ಷಣದ್ದಾಗಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ.

ಅದೇ ದಿನ ಮನೆಯನ್ನು ಸುರಕ್ಷಿತಗೊಳಿಸಿ. ಇದು ನಾನು ಹೇಳುತ್ತಿರುವ ಎಲ್ಲ ಮಾತುಗಳಲ್ಲಿ ಹೆಚ್ಚು ಮುಖ್ಯವಾದದ್ದು. ಸಾಯಬೇಕೆಂಬ ತೀವ್ರ ತುಡಿತ ಹೆಚ್ಚಾಗಿ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಅದು ದಾಟಿಹೋಗುತ್ತದೆ, ಮಗು ಉಳಿಯುತ್ತದೆ. ತೋಟವಿರುವ ಮನೆಗಳಲ್ಲಿ ಕಳೆನಾಶಕ, ಕೀಟನಾಶಕ, ಮೈಲುತುತ್ತ ಕೊಟ್ಟಿಗೆಯ ಮೂಲೆಯಲ್ಲೋ ಅಟ್ಟದ ಮೆಟ್ಟಿಲ ಕೆಳಗೋ ಇರುತ್ತವೆ. ಅವನ್ನು ಬೀಗ ಹಾಕಿದ ಪೆಟ್ಟಿಗೆಗೆ ಸೇರಿಸಿ, ಸಾಧ್ಯವಾದರೆ ಮನೆಯಿಂದಲೇ ಹೊರಗಿಡಿ; ಉಳಿದುಬಿಟ್ಟ ಅರ್ಧ ಬಾಟಲಿಗಳನ್ನೂ ಮರೆಯಬೇಡಿ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಇದ್ದರೆ, ಮಗು ಪೂರ್ತಿ ಚೇತರಿಸಿಕೊಳ್ಳುವವರೆಗೆ ಅದು ಮನೆಯಲ್ಲಿರದಂತೆ ಪೊಲೀಸ್ ಠಾಣೆಯಲ್ಲಿ ಕೇಳಿ ಕಾನೂನುಬದ್ಧ ವ್ಯವಸ್ಥೆ ಮಾಡಿಕೊಳ್ಳಿ. ಅಜ್ಜನ ರಕ್ತದೊತ್ತಡದ ಮಾತ್ರೆ ಸಹಿತ ಎಲ್ಲ ಔಷಧಿ ಒಬ್ಬರ ಸುಪರ್ದಿಯಲ್ಲಿರಲಿ.

ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಅಮೂಲ್ಯವಾದ ಗಂಟೆಗಳನ್ನು ಕಳೆಯುವ ಕುಟುಂಬಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ. ಅವರಿಗೆ ಆರೈಕೆ ಮತ್ತು ಚಿಕಿತ್ಸೆ ಒದಗಿಸುವುದನ್ನು ಸರ್ಕಾರದ ಕರ್ತವ್ಯವಾಗಿಸಿದೆ. ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋದರೂ ಅದಕ್ಕೆ ಅಂಜಿ ಹಿಂದೆ ಸರಿಯಬೇಡಿ.

ಮಗು ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಹೇಳಿದರೆ ನಂಬಿ. ತಪ್ಪು ನಿನ್ನದಲ್ಲ ಎಂದು ಹೇಳಿ. ಅದೇ ಸಂಗತಿಯನ್ನು ಅತ್ತೆಯ ಮುಂದೆ, ಮಾವನ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. ಪ್ರತಿ ಸಲ ಹೇಳುವಾಗಲೂ ಗಾಯ ಹಸಿಯಾಗುತ್ತದೆ. 1098 ಮಕ್ಕಳ ಸಹಾಯವಾಣಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ವರದಿ ಮಾಡಲೇಬೇಕು, ಮನೆಯ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡಲು ಕಾನೂನಿನಲ್ಲಿ ಅವಕಾಶವಿಲ್ಲ.

ಐದನೆಯ ಹೆಜ್ಜೆ: ಯಾರ ಬಳಿ, ಎಲ್ಲಿಗೆ

ಹೆಸರುಗಳ ಗೊಂದಲವನ್ನು ಮೊದಲು ಬಿಡಿಸಿಕೊಳ್ಳೋಣ. ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಹಾಗೂ ಬುದ್ಧಿಮಟ್ಟ, ಕಲಿಕಾ ನ್ಯೂನತೆಗಳ ಪರೀಕ್ಷೆ ಮಾಡುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಅದನ್ನು ಕೇಳಿ ತಿಳಿದುಕೊಳ್ಳಲು ಸಂಕೋಚ ಬೇಡ. ಆಪ್ತಸಮಾಲೋಚಕರು ಶಾಲೆ, ಸಂಬಂಧ, ಪರೀಕ್ಷೆಯ ಒತ್ತಡದಂತಹ ವಿಷಯಗಳಲ್ಲಿ ನೆರವಾಗುತ್ತಾರೆ, ತೀವ್ರವಾದುದನ್ನು ಕಂಡರೆ ಮನೋವೈದ್ಯರ ಬಳಿ ಕಳಿಸಬೇಕು.

ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಸಿಮ್ಸ್‌ಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆ ಒದಗಿಸುವ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಅಥವಾ ಆಸ್ಪತ್ರೆಗೆ ಫೋನು ಮಾಡಿ ತಿಳಿದುಕೊಂಡೇ ಹೊರಡಿ. 10ರಿಂದ 19 ವರ್ಷದವರಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಮಗುವಿನ ತೊಂದರೆ ಜಟಿಲವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ ಪ್ರತ್ಯೇಕ ವಿಭಾಗವಿದೆ, ಮೊಬೈಲ್ ಮತ್ತು ಗೇಮಿಂಗ್ ಗೀಳಿಗೆ 2014ರಿಂದ ಶಟ್ ಕ್ಲಿನಿಕ್ ಇದೆ. ಆದರೆ ಮೊದಲ ಭೇಟಿಗೇ ಅಷ್ಟು ದೂರ ಹೋಗಬೇಕೆಂದು ಕಾದು ಕೂರುವುದಕ್ಕಿಂತ ಶಿವಮೊಗ್ಗದಲ್ಲಿ ತೋರಿಸಿ ಅವರ ಪತ್ರದೊಂದಿಗೆ ಹೋಗುವುದು ಒಳ್ಳೆಯದು.

ದಾರಿ ದೂರ ಎಂಬುದು ನಿಜ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ., ಸಾಗರದಿಂದ 70ರ ಆಸುಪಾಸು. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಲಾಂಚಿನ ಹೊತ್ತೇ ಆಸ್ಪತ್ರೆಯ ಹೊತ್ತನ್ನೂ ನಿರ್ಧರಿಸುತ್ತಿತ್ತು. ಶಕ್ತಿ ಯೋಜನೆಯಿಂದ ತಾಯಿ ಮಗಳಿಗೆ ಸರ್ಕಾರಿ ಬಸ್ಸಿನಲ್ಲಿ ಖರ್ಚಿಲ್ಲ, ಆದರೆ ನಮ್ಮ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಹೀಗಾಗಿ ಎರಡನೆಯ ಮತ್ತು ಮೂರನೆಯ ಭೇಟಿಯ ದಿನಾಂಕವನ್ನು ಮೊದಲ ದಿನವೇ ಕೇಳಿ ಬರೆಸಿಕೊಳ್ಳಿ, ನಡುವಿನ ವಾರಗಳಲ್ಲಿ ಫೋನಿನ ಮೂಲಕ ಮಾತಾಡಲು ಸಾಧ್ಯವೇ ಎಂದೂ ಕೇಳಿ.

ಜನ ಏನೆಂದಾರು ಎಂಬ ಅಳುಕಿಗೂ ಒಂದು ಮಾತು. ಶಿವಮೊಗ್ಗದಲ್ಲಿ ದಶಕಗಳ ಕಾಲ ಮನೋವೈದ್ಯರಾಗಿದ್ದು 2016ರಲ್ಲಿ ತೀರಿಕೊಂಡ ಡಾ. ಅಶೋಕ್ ಪೈ ಅವರು, ಮನಸ್ಸಿನ ಕಾಯಿಲೆಯೂ ಇತರ ಕಾಯಿಲೆಗಳಂತೆಯೇ ಎಂಬುದನ್ನು ಕನ್ನಡದಲ್ಲಿ ಬರೆದು, ಊರೂರಿನಲ್ಲಿ ಮಾತಾಡಿ ತಿಳಿಸಿದವರು. ಅವರ ಕಾಲದಲ್ಲೇ ಈ ಜಿಲ್ಲೆಯ ಎಷ್ಟೋ ಮನೆಗಳವರು ಈ ಬಾಗಿಲು ದಾಟಿ ಬಂದಿದ್ದಾರೆ. ನೀವು ಮೊದಲಿಗರಲ್ಲ.

ಆರನೆಯ ಹೆಜ್ಜೆ: ಭೇಟಿಯ ದಿನ

ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದನ್ನು ಮಗುವಿಗೆ ಹಿಂದಿನ ದಿನವೇ ನಿಜವಾಗಿ ಹೇಳಿ. ಬಟ್ಟೆ ತರಲು ಪೇಟೆಗೆ ಹೋಗೋಣ ಎಂದು ಕರೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಇಳಿಸಿದರೆ ಆ ಮಗು ವೈದ್ಯರನ್ನೂ ನಿಮ್ಮನ್ನೂ ನಂಬುವುದಿಲ್ಲ. "ನಿದ್ದೆ, ಹೆದರಿಕೆ ಇಂಥದ್ದಕ್ಕೆ ಸಹಾಯ ಮಾಡೋ ಡಾಕ್ಟರು, ಇಂಜೆಕ್ಷನ್ ಕೊಡೋಕೆ ಅಲ್ಲ, ಮಾತಾಡೋಕೆ" ಎಂದರೆ ಸಣ್ಣ ಮಕ್ಕಳಿಗೆ ಸಾಕು.

ನೋಟ್‌ಬುಕ್ಕು, ಹಳೆಯ ಚೀಟಿಗಳು, ರಕ್ತ ಪರೀಕ್ಷೆಯ ವರದಿ, ಎರಡು ವರ್ಷದ ಅಂಕಪಟ್ಟಿ, ತರಗತಿ ಶಿಕ್ಷಕರು ಬರೆದುಕೊಟ್ಟ ಅರ್ಧ ಪುಟ ತೆಗೆದುಕೊಂಡು ಹೋಗಿ. ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆಯನ್ನು ಗುರುತಿಸಲು ಅದು ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು, 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಆದ್ದರಿಂದ ಶಿಕ್ಷಕರ ಮಾತಿಗೆ ಬೆಲೆಯಿದೆ. ಮನೆತನದಲ್ಲಿ ಯಾರಿಗಾದರೂ ಇಂತಹ ಕಾಯಿಲೆ, ಕುಡಿತದ ಚಟ, ಆತ್ಮಹತ್ಯೆ ಇದ್ದರೆ ಮುಚ್ಚಿಡದೆ ಹೇಳಿ. ವೈದ್ಯರು ಮಗುವಿನ ಜೊತೆ ಸ್ವಲ್ಪ ಹೊತ್ತು ಒಬ್ಬರೇ ಮಾತಾಡುತ್ತಾರೆ. ಮರಳುವ ಬಸ್ಸಿನಲ್ಲಿ "ಒಳಗೆ ಏನು ಹೇಳಿದೆ?" ಎಂದು ವಿಚಾರಣೆ ಮಾಡಬೇಡಿ.

ಏಳನೆಯ ಹೆಜ್ಜೆ: ಚಿಕಿತ್ಸೆಯ ವಾರಗಳು

ಮಕ್ಕಳ ಆತಂಕ ಮತ್ತು ಸೌಮ್ಯ ಖಿನ್ನತೆಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಮಾತಿನದು. ಯೋಚನೆ, ಭಾವನೆ, ನಡವಳಿಕೆ ಒಂದನ್ನೊಂದು ಹೇಗೆ ಎಳೆಯುತ್ತವೆ ಎಂಬುದನ್ನು ಮಗುವಿಗೇ ಗುರುತಿಸಲು ಕಲಿಸಿ, ಹೆದರಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವಂತೆ ಮಾಡುವುದು ಇದರ ತಿರುಳು. ಶಾಲೆಗೆ ಹೋಗಲಾರೆ ಎನ್ನುವ ಮಗುವಿಗೆ ಇದು ಮೆಟ್ಟಿಲಿನಂತೆ ಇರುತ್ತದೆ: ಮೊದಲ ಎರಡು ದಿನ ಸಮವಸ್ತ್ರ ಹಾಕಿಕೊಂಡು ಬಸ್ ನಿಲ್ದಾಣದವರೆಗೆ ಹೋಗಿ ಬರುವುದು, ಮುಂದೆ ಶಾಲೆಯ ಗೇಟಿನವರೆಗೆ, ಆಮೇಲೆ ಸ್ಟಾಫ್ ರೂಮಿನಲ್ಲಿ ಒಂದು ಗಂಟೆ, ಬಳಿಕ ಇಷ್ಟದ ಒಂದು ಪೀರಿಯಡ್ಡು, ಕೊನೆಗೆ ಅರ್ಧ ದಿನ. ಪ್ರತಿ ಮೆಟ್ಟಿಲಿನಲ್ಲೂ ಹೆದರಿಕೆ ಏರಿ, ತಾನಾಗಿ ಇಳಿಯುವವರೆಗೆ ಮಗು ಅಲ್ಲಿಯೇ ನಿಲ್ಲಬೇಕು. ಹೆದರಿಕೆ ಏರಿದಾಗಲೇ ಮನೆಗೆ ಕರೆತಂದರೆ ಓಡಿಬಂದರೆ ಮಾತ್ರ ಪಾರು ಎಂಬ ಪಾಠವನ್ನು ಅದು ಕಲಿಯುತ್ತದೆ. ಹಾಗೆಂದು ಅಳುವ ಮಗುವನ್ನು ಎತ್ತಿ ತರಗತಿಯಲ್ಲಿ ಬಿಟ್ಟುಬರುವುದು ಮೆಟ್ಟಿಲಾಗುವುದಿಲ್ಲ. ಈ ಮೆಟ್ಟಿಲುಗಳನ್ನು ಮುಖ್ಯೋಪಾಧ್ಯಾಯರ ಜೊತೆ ಕುಳಿತು ಬರೆದುಕೊಳ್ಳಬೇಕು; ಹೆಚ್ಚಿನ ಶಿಕ್ಷಕರು ಒಪ್ಪುತ್ತಾರೆ, ಅವರಿಗೆ ಕಾರಣ ಗೊತ್ತಿರಬೇಕು ಅಷ್ಟೆ. ಶಾಲೆಯ ಭಯದ ಮೂಲ ಬೇರೆ ಮಕ್ಕಳ ಕಾಟವಾಗಿದ್ದರೆ ಮೊದಲು ಅದು ನಿಲ್ಲಬೇಕು, ಮೆಟ್ಟಿಲು ಆಮೇಲೆ.

ಔಷಧಿ ಬರೆದರೆ ಹೆದರಬೇಡಿ, ಮೂರು ವಿಷಯ ಮಾತ್ರ ತಿಳಿದಿರಿ. ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಅವುಗಳ ಪೂರ್ಣ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕಾಗಬಹುದು, ಹತ್ತನೆಯ ದಿನ ಪ್ರಯೋಜನವಿಲ್ಲ ಎಂದು ಬಿಡಬಾರದು. ಇಪ್ಪತ್ತೈದರೊಳಗಿನವರಲ್ಲಿ ಮೊದಲ ಕೆಲವು ವಾರ ಚಡಪಡಿಕೆ ಅಥವಾ ಸಾವಿನ ಯೋಚನೆ ಹೆಚ್ಚುವ ಸಾಧ್ಯತೆ ಇರುವುದರಿಂದ ಆಗ ಹೆಚ್ಚು ಗಮನವಿಟ್ಟು, ಅಂತಹದ್ದು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಗುಣವಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸುವ ವಿಧಾನವನ್ನೂ ವೈದ್ಯರೇ ಹೇಳುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು, ಧರೆ ಕುಸಿದು ದಾರಿ ಕಟ್ಟುವ ಊರುಗಳವರು ಒಂದು ವಾರಕ್ಕಾಗುವಷ್ಟು ಮಾತ್ರೆ ಮುಂಚಿತವಾಗಿ ತಂದು ಬೀಗದಲ್ಲಿಡಿ.

ಹರಕೆ, ತಾಯಿತ, ದೈವದ ಮಾತು ನಮ್ಮ ಸೀಮೆಯಲ್ಲಿ ಬಂದೇ ಬರುತ್ತವೆ. ಅಜ್ಜಿ ಸಿಗಂದೂರಿಗೆ ಹರಕೆ ಹೊತ್ತರೆ ಅದಕ್ಕಾಗಿ ಮನೆಯಲ್ಲಿ ಜಗಳವಾಡಬೇಡಿ, ದೇವಿಯ ಮೇಲಿನ ನಂಬಿಕೆ ಮನೆಯವರಿಗೆ ಬಲ ಕೊಡುತ್ತದೆ. ಎರಡೂ ಜೊತೆಯಲ್ಲಿ ನಡೆಯಲಿ. ಆದರೆ ಹೊಡೆಯುವುದು, ಉಪವಾಸ ಕೆಡವುವುದು, ಹೊಗೆ ಹಾಕುವುದು, ಮಾತ್ರೆ ಬಿಡಿಸುವುದು ಇವುಗಳಲ್ಲಿ ಒಂದನ್ನಾದರೂ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಎಂಟನೆಯ ಹೆಜ್ಜೆ: ಓದು ಮತ್ತು ಪರೀಕ್ಷೆ

2024ರಿಂದ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಇದನ್ನು ಮಗುವಿಗೆ ಫಲಿತಾಂಶದ ದಿನ ಹೇಳಿದರೆ ತಡವಾಗುತ್ತದೆ, ಡಿಸೆಂಬರಿನಲ್ಲೇ ಹೇಳಿ. ಫಲಿತಾಂಶದ ದಿನ ಮನೆಯಲ್ಲಿ ಒಬ್ಬರು ದೊಡ್ಡವರು ಇರಲೇಬೇಕು. ಓದು, ಬರಹ, ಲೆಕ್ಕದಲ್ಲಿ ಮಾತ್ರ ಎಡವುವ ಬುದ್ಧಿವಂತ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅದೂ ಸೇರಿದೆ, ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ರಿಯಾಯಿತಿ ಸಿಗುತ್ತದೆ. ಒಂಬತ್ತನೆಯ ತರಗತಿಯಲ್ಲಿಯೇ ಇದರ ಕಾಗದಪತ್ರ ಮುಗಿಸಿಕೊಳ್ಳಿ.

ಒಂಬತ್ತನೆಯ ಹೆಜ್ಜೆ: ಹದಿನೆಂಟು ತುಂಬಿದ ಮೇಲೆ

ಹದಿನೆಂಟರವರೆಗೆ ಒಪ್ಪಿಗೆ ಕೊಡುವವರು ನೀವು. ಆಸ್ಪತ್ರೆಗೆ ಸೇರಿಸಿದರೆ ಮಗುವಿನ ಜೊತೆ ಇರುವ ಹಕ್ಕೂ ನಿಮ್ಮದು, ದೊಡ್ಡವರಿಂದ ಬೇರೆಯಾದ ಜಾಗದಲ್ಲಿ ಮಗುವನ್ನು ಇರಿಸಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಹದಿನೆಂಟು ತುಂಬಿದ ದಿನದಿಂದ ಚಿಕಿತ್ಸೆಯ ನಿರ್ಧಾರ ಸಾಮಾನ್ಯವಾಗಿ ಅವರದೇ, ಅವರ ಮಾತನ್ನು ವೈದ್ಯರು ನಿಮಗೆ ತಿಳಿಸಬೇಕಾಗಿಲ್ಲ. ಇದನ್ನು ಅವಮಾನವೆಂದು ತಿಳಿಯಬೇಡಿ. ತಮಗೆ ಸಂಕಟದ ಕಾಲ ಬಂದರೆ ಯಾರು ಪರವಾಗಿ ನಿಲ್ಲಬೇಕು ಎಂಬುದನ್ನು ಬರೆದು ಸೂಚಿಸುವ ಹಕ್ಕನ್ನೂ ಅದೇ ಕಾಯ್ದೆ ಅವರಿಗೆ ಕೊಟ್ಟಿದೆ. ಮನಸ್ಸು ತಿಳಿಯಾಗಿರುವ ದಿನಗಳಲ್ಲಿ ಈ ಮಾತಾಡಿ. ಅಕ್ಕ, ಸೋದರಮಾವ, ಗೆಳೆಯ, ಅವರು ಯಾರನ್ನು ಹೇಳಿದರೂ ಒಪ್ಪಿಕೊಳ್ಳಿ.

ಬೆಂಗಳೂರಿಗೋ ಮಂಗಳೂರಿಗೋ ಹೊರಡುವ ಮೊದಲು ಅಂಗೈಯಗಲದ ಒಂದು ಕಾರ್ಡು ಬರೆದು ಬ್ಯಾಗಿನಲ್ಲಿಡಿಸಿ, ಇನ್ನೊಂದನ್ನು ನೀವು ಇಟ್ಟುಕೊಳ್ಳಿ. ಅದರಲ್ಲಿ ಇರಬೇಕಾದದ್ದು ಇಷ್ಟು: ಹಿಂದಿನ ಸಲ ಕಾಯಿಲೆ ಶುರುವಾಗುವಾಗ ಮೊದಲು ಕಾಣಿಸಿದ ಎರಡು ಮೂರು ಗುರುತುಗಳು, ತೆಗೆದುಕೊಳ್ಳುವ ಮಾತ್ರೆಯ ಹೆಸರು ಮತ್ತು ಪ್ರಮಾಣ, ವೈದ್ಯರ ಹೆಸರು, ಜೊತೆಯಲ್ಲಿರುವ ಗೆಳೆಯನೊಬ್ಬನ ನಂಬರು, 14416, ಮತ್ತು ರಾತ್ರಿ ಎಷ್ಟು ಹೊತ್ತಾದರೂ ಫೋನು ಎತ್ತುತ್ತೇನೆಂದು ನೀವು ನಿಮ್ಮ ಕೈಯಾರೆ ಬರೆದ ಒಂದು ಸಾಲು.